ಸಿಪಾಯಿಗಳ ಅಂಗಿಗುಂಡಿಗಳ ಕಾಲನಿರ್ಣಯ: 73ನೆಯ ಅಂಕದ ವಿಚಾರ

1

ಶಾಸನ, ನಾಣ್ಯ, ಕೈಫಿಯತ್ತು, ಬಖೈರುಗಳು ಇತಿಹಾಸರಚನೆಗೆ ಆಧಾರಗಳೆಂಬುದು ಸರ್ವವಿದಿತವಾದ ಸಂಗತಿ. ಸಿಪಾಯಿಯ ಅಂಗಿಯಿಂದ ಉದುರಿದ ಗುಂಡಿಯನ್ನೂ ಆ ಸಾಲಿನಲ್ಲಿ ಸೇರಿಸಬಹುದೆಂದರೆ ಪರಿಹಾಸದ ಮಾತೆಂದು ತೋರಬಹುದು. ಆದರೆ ಶಾಸನಕ್ಕಿರುವ ಎರಡು ಲಕ್ಷಣಗಳು ಈ ಸಣ್ಣ ವಸ್ತುವಿಗೂ ಉಂಟು: ಅದರ ಮೇಲೆ ಅಂಕವೋ ಅಕ್ಷರವೋ ಇರುತ್ತದೆ, ಅದು ಒಂದು ನಿರ್ದಿಷ್ಟ ಸ್ಥಳದಲ್ಲಿ ದೊರೆಯುತ್ತದೆ. ಶಾಸನವನ್ನು ಓದುವವರು ಪಾಠ, ಲಿಪಿ, ಸ್ಥಳ ಈ ಮೂರನ್ನೂ ಕೂಡಿಸಿ ಕಾಲವನ್ನು ನಿಷ್ಕರ್ಷಿಸುವಂತೆ, ಗುಂಡಿಯನ್ನೂ ಅಂಕ, ರಚನೆ, ಸ್ಥಳ ಈ ಮೂರರಿಂದ ಓದಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಎಂತಹ ಪ್ರಮಾದ ಸಂಭವಿಸುವುದೆಂಬುದನ್ನು, ಕರ್ಣಾಟಕದ ಇತಿಹಾಸಕ್ಕೆ ನೇರವಾಗಿ ಸಂಬಂಧಪಟ್ಟ 73ನೆಯ ಅಂಕದ ಗುಂಡಿಯ ದೃಷ್ಟಾಂತದಿಂದ ತೋರಿಸುವುದು ಈ ಲೇಖನದ ಉದ್ದೇಶ. ಕನ್ನಡದಲ್ಲಿ ಗುಂಡಿಯೆಂಬ ಒಂದೇ ಶಬ್ದವು ನೆಲದ ಹಳ್ಳಕ್ಕೂ ಅಂಗಿಯ ಗುಂಡಿಗೂ ಸಲ್ಲುವುದರಿಂದ, ಇಲ್ಲಿ ಅದನ್ನು ಎರಡನೆಯ ಅರ್ಥದಲ್ಲಿ ಮಾತ್ರ ಬಳಸಿ, ನೆಲದಲ್ಲಿ ಅಗೆದುದನ್ನು ಕುಳಿಯೆಂದು ಹೇಳಿದೆ.

ಇಂತಹ ಗುಂಡಿಗಳು ಇಂದು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಹೇರಳವಾಗಿ ಬೆಳಕಿಗೆ ಬರುತ್ತಿರುವುದಕ್ಕೆ ಲೋಹಶೋಧಕ ಯಂತ್ರವೇ ಕಾರಣ. ತಂತಿಯ ಸುರುಳಿಯೊಂದರಲ್ಲಿ ದಿಕ್ಕು ಬದಲಾಗುತ್ತಿರುವ ವಿದ್ಯುತ್ಪ್ರವಾಹವನ್ನು ಹರಿಸಿದರೆ ಅದರ ಸುತ್ತಲೂ ಕಾಂತಕ್ಷೇತ್ರವು ಏರ್ಪಡುತ್ತದೆ. ಆ ಕ್ಷೇತ್ರದೊಳಗೆ ಲೋಹವು ಬಂದರೆ ಅದರಲ್ಲಿಯೂ ಸಣ್ಣ ಪ್ರವಾಹಗಳು ಹುಟ್ಟಿ, ಮೂಲಕ್ಷೇತ್ರವನ್ನು ಕದಲಿಸಿ, ಯಂತ್ರವನ್ನು ಹಿಡಿದವನ ಕಿವಿಗೆ ಧ್ವನಿಯಾಗಿ ತಿಳಿಯಬರುತ್ತದೆ. 1881ರಲ್ಲಿ ಗುಂಡೇಟಿನಿಂದ ಗಾಯಗೊಂಡಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದಲ್ಲಿ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಈ ತತ್ತ್ವವನ್ನೇ ಪ್ರಯೋಗಿಸಿ ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿಯು ನೆಲದಲ್ಲಿ ಹುಗಿದಿಟ್ಟ ಸಿಡಿಮದ್ದಿನ ಪೆಟ್ಟಿಗೆಗಳನ್ನು ಕಂಡುಹಿಡಿಯಲು ಇದನ್ನು ಕೈಯಲ್ಲಿ ಹಿಡಿದು ನಡೆಯುವಂತೆ ಅಳವಡಿಸಿದನು. ಯುದ್ಧಾನಂತರ ಈ ಯಂತ್ರವು ಜನಸಾಮಾನ್ಯರ ಕೈಸೇರಿ, ಹೊಲಗಳಲ್ಲಿ ಹಳೆಯ ವಸ್ತುಗಳನ್ನು ಅರಸುವುದು ಅನೇಕರಿಗೆ ವಿನೋದವೂ ವ್ಯಸನವೂ ಆಯಿತು.

ಹೀಗೆ ದೊರೆಯುವ ವಸ್ತುಗಳಲ್ಲಿ ನಾಣ್ಯಗಳಿಗಿರುವ ಮನ್ನಣೆಯು ಗುಂಡಿಗಳಿಗಿಲ್ಲ. ಇಂಗ್ಲೆಂಡಿನ 1996ರ ನಿಧಿಶಾಸನವು ಪ್ರಧಾನವಾಗಿ ಮುನ್ನೂರು ವರ್ಷಗಳಿಗೂ ಹಿಂದಿನ ಬೆಳ್ಳಿಬಂಗಾರದ ವಸ್ತುಗಳಿಗೆ ಅನ್ವಯಿಸುತ್ತದೆ. ಸಾರ್ವಜನಿಕರಿಗೆ ದೊರೆತ ವಸ್ತುಗಳನ್ನು ದಾಖಲೆಮಾಡುವುದಕ್ಕಾಗಿ 1997ರಲ್ಲಿ ಅಲ್ಲಿ ಆರಂಭವಾದ ಯೋಜನೆಯೂ ಸಾಮಾನ್ಯವಾಗಿ ಕ್ರಿ. ಶ. 1700ಕ್ಕೆ ಹಿಂದಿನವುಗಳನ್ನೇ ಮುಖ್ಯವಾಗಿ ಗಮನಿಸುತ್ತದೆ. ಸೇನೆಯ ಅಂಕವಿರುವ ಗುಂಡಿಗಳಾದರೋ 18ನೆಯ ಶತಮಾನದ ಉತ್ತರಾರ್ಧದ ನಂತರದವು. ಆದುದರಿಂದ ಅವು ನೆಲದಿಂದ ಮೇಲೆದ್ದು, ದಾಖಲೆಗೆ ಬಾರದೆ, ಡಬ್ಬಿಗಳಲ್ಲಿಯೂ ಅಂಗಡಿಗಳಲ್ಲಿಯೂ ಸೇರಿಹೋಗುತ್ತವೆ. ಅಂಕವು ಉಳಿಯುತ್ತದೆ, ಸ್ಥಳವು ಅಳಿಯುತ್ತದೆ.

2

ಸೇನೆಯ ಗುಂಡಿಗಳ ಮೇಲೆ ಅಂಕವನ್ನು ಮೂಡಿಸುವ ಪದ್ಧತಿಯು ಬಹು ಪುರಾತನವಾದುದಲ್ಲ. ಫ್ರಾನ್ಸಿನಲ್ಲಿ 1762ರ ರಾಜಾಜ್ಞೆಯಿಂದಲೂ ಬ್ರಿಟನ್ನಿನಲ್ಲಿ 1767ರ ಆಜ್ಞೆಯಿಂದಲೂ ಆಯಾ ರೆಜಿಮೆಂಟಿನ ಅಂಕವು ಅಧಿಕಾರಿಗಳ ಮತ್ತು ಸಿಪಾಯಿಗಳ ಗುಂಡಿಗಳ ಮೇಲೆ ಕಾಣಿಸಿಕೊಂಡಿತು. ಆದುದರಿಂದ ಅಂಕವಿರುವ ಬ್ರಿಟಿಷ್ ಗುಂಡಿಯು ಸಾಮಾನ್ಯವಾಗಿ 1767ಕ್ಕೆ ಹಿಂದಿನದಾಗಲಾರದು. ಇದು ಪೂರ್ವಾವಧಿ.

ಉತ್ತರಾವಧಿಯನ್ನು ನಿರ್ಣಯಿಸುವಾಗ ಸಿಪಾಯಿಯ ಗುಂಡಿಗೂ ಅಧಿಕಾರಿಯ ಗುಂಡಿಗೂ ಇರುವ ಭೇದವನ್ನು ಮರೆಯಬಾರದು. ಸಾಮಾನ್ಯ ಸಿಪಾಯಿಯ ಗುಂಡಿಯನ್ನು 1855ರವರೆಗೂ ಪ್ಯೂಟರ್ ಎಂಬ, ತವರವೇ ಪ್ರಧಾನವಾದ ಮಿಶ್ರಲೋಹದಿಂದ ಎರಕಹೊಯ್ಯುತ್ತಿದ್ದರು. ಆ ವರ್ಷ ಹಳೆಯ ಮೋಟುಬಾಲದ ಅಂಗಿಯು ಹೋಗಿ ನಿಲುವಂಗಿಯು ಬಂದಾಗ ಹಿತ್ತಾಳೆಯ ಗುಂಡಿಯೂ ಬಂದಿತು. 1871ರಲ್ಲಿ ಸಿಪಾಯಿಗಳ ಗುಂಡಿಯಿಂದ ಅಂಕವೇ ಮರೆಯಾಗಿ, ಎಲ್ಲರಿಗೂ ಸಮಾನವಾದ ರಾಜಲಾಂಛನದ ಗುಂಡಿಯು ಬಳಕೆಗೆ ಬಂದಿತು. ಅಧಿಕಾರಿಗಳ ಗುಂಡಿಗಳಲ್ಲಿ ಅಂಕವು ಇನ್ನೂ ಹತ್ತು ವರ್ಷ ಉಳಿಯಿತು. 1881ರ ಪುನರ್ವ್ಯವಸ್ಥೆಯಲ್ಲಿ ಅಂಕಗಳನ್ನು ತೆಗೆದುಹಾಕಿ, ಎರಡೆರಡು ರೆಜಿಮೆಂಟುಗಳನ್ನು ಒಂದುಗೂಡಿಸಿ, ಅವಕ್ಕೆ ಪ್ರಾಂತಗಳ ಹೆಸರನ್ನೋ ಪರಂಪರೆಯ ಹೆಸರನ್ನೋ ಕೊಟ್ಟಾಗ ಅಲ್ಲಿಯೂ ಅದು ಕೊನೆಗೊಂಡಿತು. ಹೀಗೆ ಅಂಕವುಳ್ಳ ಪ್ಯೂಟರ್ ಗುಂಡಿಯು 1767ರಿಂದ 1855ರ ಒಳಗಿನದು. ಅಂಕವುಳ್ಳ ಹಿತ್ತಾಳೆಯ ಸಿಪಾಯಿಗುಂಡಿಯು 1855ರಿಂದ 1871ರ ಒಳಗಿನದು. ಎರಡನೆಯ ಅವಧಿಯು ಕೇವಲ 16 ವರ್ಷ. ಮೊದಲನೆಯದು 88 ವರ್ಷ. ಕಷ್ಟವೆಲ್ಲ ಮೊದಲನೆಯದರಲ್ಲಿಯೇ ಇದೆ.

3

ಈ ದೀರ್ಘಾವಧಿಯನ್ನು ಸಂಕೋಚಗೊಳಿಸಲು ಗುಂಡಿಯ ಮುಖಕ್ಕಿಂತ ಬೆನ್ನು ಹೆಚ್ಚು ಸಹಾಯಕಾರಿ. ಮುಖದಲ್ಲಿರುವುದು ಅದನ್ನು ತೊಟ್ಟವನ ವಿಚಾರ. ಬೆನ್ನಿನಲ್ಲಿರುವುದು ಅದನ್ನು ಮಾಡಿದವನ ವಿಚಾರ.

ಸಿಪಾಯಿಯ ಪ್ಯೂಟರ್ ಗುಂಡಿಗಳಲ್ಲಿ, ಎರಕಹೊಯ್ಯುವಾಗಲೇ ಬೆನ್ನಿನ ದಿಬ್ಬದಲ್ಲಿ ತಂತಿಯ ಕೊಂಡಿಯನ್ನು ಹುದುಗಿಸುವುದುಂಟು. ಅದು ಕಬ್ಬಿಣದ ತಂತಿಯಾಗಿದ್ದರೆ ನೆಲದಲ್ಲಿ ತುಕ್ಕುಹಿಡಿದು ನಾಶವಾಗಿ, ದಿಬ್ಬದಲ್ಲಿ ಎರಡು ಸಣ್ಣ ರಂಧ್ರಗಳೂ ಕೆಂಪು ಕಲೆಯೂ ಮಾತ್ರ ಉಳಿಯುತ್ತವೆ. ಇಂತಹುದನ್ನು ನೋಡಿ ಗುಂಡಿಗೆ ಕೊಂಡಿಯೇ ಇರಲಿಲ್ಲವೆಂದು ಭ್ರಮಿಸುವವರಿದ್ದಾರೆ. ಅಧಿಕಾರಿಗಳ ಹಳೆಯ ಗುಂಡಿಗಳ ರಚನೆಯೇ ಬೇರೆ. ಎಲುಬಿನ ಅಥವಾ ಮರದ ಬಿಲ್ಲೆಯ ಮೇಲೆ ಬೆಳ್ಳಿಯ ಇಲ್ಲವೆ ಚಿನ್ನದ ಮುಲಾಮಿನ ತೆಳುವಾದ ತಗಡನ್ನು ಹೊದಿಸಿ, ಬಿಲ್ಲೆಯ ರಂಧ್ರಗಳಲ್ಲಿ ನರದ ದಾರವನ್ನು ಪೋಣಿಸಿ ಬಟ್ಟೆಗೆ ಹೊಲಿಯುತ್ತಿದ್ದರು. ಮರವೂ ನರವೂ ಮಣ್ಣಿನಲ್ಲಿ ಕರಗಿದ ಮೇಲೆ ದೊರೆಯುವುದು ಕಾಗದದಂತೆ ತೆಳುವಾದ, ಅಂಚು ಮಡಿಸಿದ ಒಂದು ತಗಡು ಮಾತ್ರ. ರೆಜಿಮೆಂಟಿನ ಕಸೂತಿಪಟ್ಟಿಯು ಬೆಳ್ಳಿಯದಾಗಿದ್ದರೆ ಅಧಿಕಾರಿಯ ಗುಂಡಿಯೂ ಬೆಳ್ಳಿಯ ಬಣ್ಣದ್ದು. ಚಿನ್ನದ್ದಾಗಿದ್ದರೆ ಗುಂಡಿಯೂ ಚಿನ್ನದ ಬಣ್ಣದ್ದು. ಆದುದರಿಂದ ತಗಡಿನ ಅಂಚಿನ ಮಡಿಕೆಯಲ್ಲಿ ಉಳಿದಿರಬಹುದಾದ ಮುಲಾಮಿನ ಕಣವೂ ಪ್ರಮಾಣವಾಗುತ್ತದೆ. ಮೆರುಗು ಬರಲೆಂದು ಉಜ್ಜಿದವರು ಆ ಪ್ರಮಾಣವನ್ನು ತಾವೇ ಅಳಿಸಿದಂತಾಗುವುದು.

18ನೆಯ ಶತಮಾನದ ಕೊನೆಗೆ ಬರ್ಮಿಂಗ್‌ಹ್ಯಾಂ ನಗರವು ಗುಂಡಿಗಳ ತಯಾರಿಕೆಗೆ ಪ್ರಸಿದ್ಧವಾಗಿತ್ತು. ಮುಲಾಮಿನಲ್ಲಿ ನಡೆಯುತ್ತಿದ್ದ ಮೋಸವನ್ನು ತಡೆಯಲು ಬ್ರಿಟಿಷ್ ಪಾರ್ಲಿಮೆಂಟು 1796ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಹನ್ನೆರಡು ಅಂಗುಲ ವ್ಯಾಸದ ವೃತ್ತದಷ್ಟು ಮೇಲ್ಮೈಗೆ, ಎಂದರೆ ಒಂದಂಗುಲದ ಗುಂಡಿಗಳು 144ಕ್ಕೆ, ಐದು ಗ್ರೇನು ಚಿನ್ನವಾದರೂ ಇಲ್ಲದಿದ್ದರೆ ಆ ಗುಂಡಿಯನ್ನು ‘ಗಿಲ್ಟ್’ ಎಂದು ಮುದ್ರಿಸಕೂಡದೆಂದು ವಿಧಿಸಲಾಯಿತು. ಮುಂದೆ ಇಂತಹ ಗುಣಸೂಚಕ ಪದಗಳೂ, ಕ್ರಮೇಣ ತಯಾರಕರ ಹೆಸರೂ ವಿಳಾಸವೂ ಗುಂಡಿಯ ಬೆನ್ನಿನ ಮೇಲೆ ಸಾಮಾನ್ಯವಾದುವು. ತಯಾರಕನು ಯಾವ ವರ್ಷ ಯಾವ ಬೀದಿಯಲ್ಲಿ ಇದ್ದನೆಂಬುದು ನಗರಗಳ ವಾರ್ಷಿಕ ವಿಳಾಸಪುಸ್ತಕಗಳಿಂದ ತಿಳಿಯುವುದರಿಂದ, ಬೆನ್ನಿನ ಮುದ್ರೆಯು ಕೆಲವು ವೇಳೆ ಹತ್ತು ಹದಿನೈದು ವರ್ಷಗಳಷ್ಟು ಸೂಕ್ಷ್ಮವಾಗಿ ಕಾಲವನ್ನು ಕೊಡುತ್ತದೆ. ಎರಡು ತಗಡುಗಳನ್ನು ಅಂಚಿನಲ್ಲಿ ಮಡಿಸಿ ಬಿಗಿಯುವ ವಿಧಾನಕ್ಕೆ ಬೆಂಜಮಿನ್ ಸ್ಯಾಂಡರ್ಸನು 1813ರಲ್ಲಿ ಹಕ್ಕುಪತ್ರವನ್ನು ಪಡೆದನು; ಆ ರಚನೆಯ ಗುಂಡಿಯನ್ನು ಅದಕ್ಕೆ ಹಿಂದಿನ ಯುದ್ಧಕ್ಕೆ ಕಟ್ಟುವುದು ಯುಕ್ತವಲ್ಲ. ಸ್ಟ್ಯಾನ್ಲಿ ಸೌತ್ ಎಂಬ ವಿದ್ವಾಂಸನು ಅಮೆರಿಕದ ಬ್ರನ್ಸ್‌ವಿಕ್ ಪಟ್ಟಣ ಮತ್ತು ಫಿಷರ್ ಕೋಟೆಗಳ ಉತ್ಖನನದಲ್ಲಿ ದೊರೆತ ಗುಂಡಿಗಳನ್ನು 1964ರಲ್ಲಿ 32 ವರ್ಗಗಳಾಗಿ ವಿಂಗಡಿಸಿದುದು ಈ ರಚನಾಭೇದಗಳ ಆಧಾರದ ಮೇಲೆಯೇ.

ಆದರೆ ಸಿಪಾಯಿಯ ಸಾಧಾರಣ ಪ್ಯೂಟರ್ ಗುಂಡಿಗೆ ಈ ಭಾಗ್ಯವು ಅನೇಕ ವೇಳೆ ಇರುವುದಿಲ್ಲ. ಬೆನ್ನಿನಲ್ಲಿ ಹೆಸರಿಲ್ಲ, ಮುಖದಲ್ಲಿ ಅಂಕವೊಂದೇ. ಆಗ ಅಂಕವನ್ನೇ ನಂಬಬೇಕಾಗುತ್ತದೆ. ಆ ನಂಬಿಕೆಯು ಎಲ್ಲಿ ಮೋಸಗೊಳಿಸುವುದೆಂಬುದು ಮುಂದಿನ ವಿಷಯ.

4

1778ರ ವೇಳೆಗೆ ಸ್ಕಾಟ್ಲೆಂಡಿನ ಮ್ಯಾಕ್‌ಲಿಯಡ್ ಪ್ರಭುವು ಕಟ್ಟಿದ ಗುಡ್ಡಗಾಡಿನವರ ದಂಡಿಗೆ 73ನೆಯ ರೆಜಿಮೆಂಟೆಂದು ಅಂಕವು ದೊರೆಯಿತು. ಅದರ ಮೊದಲನೆಯ ಪಟಾಲಮು 1780ರ ಆರಂಭದಲ್ಲಿ ಮದರಾಸಿಗೆ ಬಂದಿಳಿಯಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರಾಲಿಯೂ ಟಿಪ್ಪುವೂ ಕರ್ನಲ್ ಬೇಲಿಯ ದಂಡನ್ನು ಸುತ್ತುಗಟ್ಟಿ ನಿರ್ನಾಮಮಾಡಿದಾಗ, ಈ 73ನೆಯ ರೆಜಿಮೆಂಟಿನ ಎರಡು ತುಕಡಿಗಳು ಅದರಲ್ಲಿದ್ದುವು. ಅವುಗಳೊಂದಿಗಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡನು ಗಾಯಗೊಂಡು ಸೆರೆಸಿಕ್ಕಿ, 1784ರವರೆಗೂ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದನು. ಆ ಯುದ್ಧದ ಚಿತ್ರವು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇಂದಿಗೂ ಇದ್ದು, ಕೆಂಪಂಗಿಯ ಆ ಚೌಕವ್ಯೂಹವನ್ನು ಯಾತ್ರಿಕರೆಲ್ಲರೂ ನೋಡುತ್ತಾರೆ.

ಹತ್ತೊಂಬತ್ತು ವರ್ಷಗಳ ಮೇಲೆ, 1799ರ ಮೇ 4ರಂದು, ಅದೇ ಬೇರ್ಡನು ಮೇಜರ್ ಜನರಲ್ ಪದವಿಯಲ್ಲಿ ಶ್ರೀರಂಗಪಟ್ಟಣದ ಮೇಲಣ ಲಗ್ಗೆಯನ್ನು ನಡೆಸಿದನು. ಟಿಪ್ಪು ಸುಲ್ತಾನನು ಅಂದು ಮಡಿದನು. ಲಗ್ಗೆಯಲ್ಲಿ ಪಾಲುಗೊಂಡ ರೆಜಿಮೆಂಟುಗಳಲ್ಲಿ 12, 33, 74 ಎಂಬವುಗಳೊಡನೆ 73ನೆಯದೂ ಇದ್ದಿತು.

ಇಲ್ಲಿ ಕಥೆಯೊಂದು ತಾನಾಗಿಯೇ ರೂಪುಗೊಳ್ಳುತ್ತದೆ: 1780ರಲ್ಲಿ ಸೋತು ಸೆರೆಯಾದ 73ನೆಯ ರೆಜಿಮೆಂಟು ತನ್ನ ಹಳೆಯ ಕ್ಯಾಪ್ಟನನ ನೇತೃತ್ವದಲ್ಲಿ ಬಂದು 1799ರಲ್ಲಿ ಸೇಡನ್ನು ತೀರಿಸಿಕೊಂಡಿತೆಂದು. ಪೊಳ್ಳಿಲೂರಿನ ಬಯಲಿನಲ್ಲಿ ಒಂದು, ಶ್ರೀರಂಗಪಟ್ಟಣದ ಕೋಟೆಯ ಬಳಿ ಒಂದು, ಹೀಗೆ 73ರ ಅಂಕವುಳ್ಳ ಎರಡು ಗುಂಡಿಗಳು ಯಾರ ಕೈಗಾದರೂ ಸಿಕ್ಕಿದರೆ ಈ ಕಥೆಗೆ ಲೋಹದ ಸಾಕ್ಷ್ಯವೇ ದೊರೆತಂತಾಗುವುದು. ಆದರೆ ಈ ಕಥೆಯು ಸುಳ್ಳು. 1799ರ 73ನೆಯ ರೆಜಿಮೆಂಟು 1780ರ 73ನೆಯ ರೆಜಿಮೆಂಟಲ್ಲ.

ನಡೆದುದು ಹೀಗೆ. ಅಮೆರಿಕದ ಯುದ್ಧವು ಮುಗಿದ ಮೇಲೆ ಅನೇಕ ರೆಜಿಮೆಂಟುಗಳನ್ನು ವಿಸರ್ಜಿಸಿದುದರಿಂದ ಅಂಕಗಳ ಸಾಲಿನಲ್ಲಿ ತೆರವುಗಳುಂಟಾದುವು. 1786ರಲ್ಲಿ ಮ್ಯಾಕ್‌ಲಿಯಡನ ರೆಜಿಮೆಂಟನ್ನು ಮೇಲಕ್ಕೇರಿಸಿ 71ನೆಯದೆಂದು ಕರೆದರು. ತೆರವಾದ 73ನೆಯ ಅಂಕವನ್ನು, ಅದೇ ವರ್ಷ, 42ನೆಯ ರೆಜಿಮೆಂಟಿನ ಎರಡನೆಯ ಪಟಾಲಮಿಗೆ ಕೊಟ್ಟು ಅದನ್ನು ಸ್ವತಂತ್ರ ರೆಜಿಮೆಂಟನ್ನಾಗಿ ಮಾಡಿದರು. ಈ ಎರಡನೆಯ ಪಟಾಲಮಿಗೂ ಕನ್ನಡನಾಡಿನಲ್ಲಿ ಪೂರ್ವಚರಿತ್ರೆಯುಂಟು: 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಟಿಪ್ಪುವಿನ ಮುತ್ತಿಗೆಗೆ ಎದುರಾಗಿ ಮಂಗಳೂರಿನ ಕೋಟೆಯನ್ನು ಕರ್ನಲ್ ಕ್ಯಾಂಬೆಲ್ಲನ ಅಧೀನದಲ್ಲಿ ಹಿಡಿದಿದ್ದುದು ಇದೇ. ಬೇರ್ಡನ ಹಳೆಯ ರೆಜಿಮೆಂಟಾದರೋ 71ನೆಯ ಅಂಕದಿಂದ 1791ರ ಅಕ್ಟೋಬರಿನಲ್ಲಿ ನಂದಿದುರ್ಗದ ಲಗ್ಗೆಯಲ್ಲಿ ಭಾಗವಹಿಸಿ, 1799ಕ್ಕೆ ಮೊದಲೇ ಹಿಂದೂಸ್ಥಾನವನ್ನು ಬಿಟ್ಟುಹೋಗಿತ್ತು. ಸೆರೆಯಾಗಿದ್ದವನು ಹಿಂದಿರುಗಿ ಬಂದನೆಂಬುದು ನಿಜ. ಅವನೊಡನೆ ಸೆರೆಯಾದ ದಂಡು ಹಿಂದಿರುಗಿ ಬಂದಿತೆಂಬುದು ನಿಜವಲ್ಲ.

ಆದುದರಿಂದ ನಿಷ್ಪನ್ನವಾಗುವುದೇನೆಂದರೆ: ಪೊಳ್ಳಿಲೂರಿನಲ್ಲಿ ಬಿದ್ದ ಬೇರ್ಡನ ಸಿಪಾಯಿಯ ಗುಂಡಿಯ ಮೇಲೆ 73 ಇರಬೇಕು, ನಂದಿದುರ್ಗದಲ್ಲಿ ಬಿದ್ದ ಅದೇ ರೆಜಿಮೆಂಟಿನವನ ಗುಂಡಿಯ ಮೇಲೆ 71 ಇರಬೇಕು. ಮಂಗಳೂರಿನ ಮುತ್ತಿಗೆಯಲ್ಲಿ ಬಿದ್ದ ಗುಂಡಿಯ ಮೇಲೆ 42 ಇರಬೇಕು. ಶ್ರೀರಂಗಪಟ್ಟಣದಲ್ಲಿ ಬಿದ್ದ ಅದೇ ದಂಡಿನವನ ಗುಂಡಿಯ ಮೇಲೆ 73 ಇರಬೇಕು. ಒಂದೇ ಅಂಕ ಎರಡು ದಂಡುಗಳಿಗೆ, ಒಂದೇ ದಂಡಿಗೆ ಎರಡು ಅಂಕಗಳು. 1881ರಲ್ಲಿ 73ನೆಯ ರೆಜಿಮೆಂಟು ಪುನಃ ತನ್ನ ಮೂಲವಾದ 42ನೆಯದರೊಡನೆ ಕೂಡಿ ಬ್ಲ್ಯಾಕ್ ವಾಚ್ ಎಂಬ ಹೆಸರಿನಲ್ಲಿ ಒಂದಾಯಿತು. 71ನೆಯದು, ಶ್ರೀರಂಗಪಟ್ಟಣದ ಲಗ್ಗೆಯಲ್ಲಿದ್ದ 74ನೆಯದರೊಡನೆ ಕೂಡಿ ಹೈಲೆಂಡ್ ಲಘುಪದಾತಿಯಾಯಿತು. ಈ ವಂಶಾವಳಿಯನ್ನು ತಿಳಿಯದೆ ಅಂಕವನ್ನು ಮಾತ್ರ ಓದಿದವನ ಸ್ಥಿತಿಯು, ಒಂದೇ ಹೆಸರಿನ ಇಬ್ಬರು ಅರಸರ ಶಾಸನಗಳನ್ನು ಒಬ್ಬನದೆಂದು ಓದಿದವನ ಸ್ಥಿತಿಯಂತೆ ಆಗುವುದು.

5

ಅಂಕದ ಈ ಸಂದಿಗ್ಧತೆಯನ್ನು ಪರಿಹರಿಸಬಲ್ಲುದು ಬಹುಮಟ್ಟಿಗೆ ಸ್ಥಳವೊಂದೇ. 71ರ ಅಂಕವನ್ನು ತೆಗೆದುಕೊಳ್ಳೋಣ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಕಾದಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಫ್ರೇಸರನ ಗುಡ್ಡಗಾಡಿನವರ ರೆಜಿಮೆಂಟಿಗೂ 71 ಎಂಬುದೇ ಅಂಕ. ಅದು ವಿಸರ್ಜಿತವಾದುದರಿಂದಲೇ ಆ ಅಂಕವು ಮ್ಯಾಕ್‌ಲಿಯಡನವರಿಗೆ ದೊರೆಯಿತು. ಹಾಗೆಯೇ 1779ರಲ್ಲಿ ಅಮೆರಿಕದ ಪೆನಾಬ್‌ಸ್ಕಾಟ್ ತೀರದಲ್ಲಿದ್ದ 74ನೆಯ ರೆಜಿಮೆಂಟು ಬೇರೆ; 1787ರಲ್ಲಿ ಹಿಂದೂಸ್ಥಾನದ ಸೇವೆಗಾಗಿಯೇ ಹೊಸದಾಗಿ ಕಟ್ಟಿದ 74ನೆಯದು ಬೇರೆ. ವರ್ಜೀನಿಯದ ಹೊಲದಲ್ಲಿ ಸಿಕ್ಕಿದ 71ನ್ನೂ ನಂದಿಯ ತಪ್ಪಲಿನ 71ನ್ನೂ ಒಂದೇ ತಟ್ಟೆಯಲ್ಲಿಟ್ಟು, ಯಾವುದು ಎಲ್ಲಿಯದೆಂಬ ಚೀಟಿಯನ್ನು ತೆಗೆದುಹಾಕಿದರೆ, ಎರಡು ಖಂಡಗಳ ಇತಿಹಾಸವು ಒಂದು ಸಂಖ್ಯೆಯಲ್ಲಿ ಕಲಸಿಹೋಗುವುದು.

73ರ ಅಂಕವು ಇನ್ನೂ ದೂರ ಸಂಚರಿಸಿದೆ. ಹಳೆಯ 73ರ ಎರಡನೆಯ ಪಟಾಲಮು ಅದೇ ಯುದ್ಧಕಾಲದಲ್ಲಿ ಜಿಬ್ರಾಲ್ಟರಿನ ಮುತ್ತಿಗೆಯೊಳಗಿತ್ತು. ಹೊಸ 73ನೆಯ ರೆಜಿಮೆಂಟು, ಶ್ರೀರಂಗಪಟ್ಟಣದ 1792ರ ಮತ್ತು 1799ರ ಕಾರ್ಯಾಚರಣೆಗಳಲ್ಲಿ 77ನೆಯ ರೆಜಿಮೆಂಟಿನ ಅಧಿಕಾರಿಯಾಗಿ ಸೇವೆಮಾಡಿದ್ದ ಲ್ಯಾಕ್ಲನ್ ಮ್ಯಾಕ್ವಾರಿಯೊಡನೆ, 1809ರ ಡಿಸೆಂಬರ್ ಕೊನೆಯಲ್ಲಿ ಆಸ್ಟ್ರೇಲಿಯದ ಸಿಡ್ನಿಯನ್ನು ಸೇರಿತು. ಮ್ಯಾಕ್ವಾರಿಯು 1810ರ ಜನವರಿ 1ರಂದು ಅಲ್ಲಿಯ ಗವರ್ನರನಾದನು. ಅದೇ ರೆಜಿಮೆಂಟಿನ ಮತ್ತೊಂದು ಪಟಾಲಮು 1815ರಲ್ಲಿ ವಾಟರ್ಲೂ ಕಾಳಗದಲ್ಲಿತ್ತು. ಪೊಳ್ಳಿಲೂರು, ಜಿಬ್ರಾಲ್ಟರ್, ಶ್ರೀರಂಗಪಟ್ಟಣ, ಸಿಡ್ನಿ, ವಾಟರ್ಲೂ, ಈ ಐದೂ ಸ್ಥಳಗಳಲ್ಲಿ 73ರ ಗುಂಡಿಯನ್ನು ತೊಟ್ಟವರು ನಡೆದಾಡಿದ್ದಾರೆ. ಸ್ಥಳವನ್ನು ಹೇಳದೆ ಕೊಟ್ಟ 73ರ ಗುಂಡಿಯು ಇವುಗಳಲ್ಲಿ ಯಾವುದಕ್ಕೆ ಸೇರಿದುದೆಂದು ಹೇಳುವುದು ಸುಲಭವಲ್ಲ.

ಸ್ಥಳದ ಸಾಕ್ಷ್ಯವನ್ನು ಗೌರವಿಸಿದರೆ ಗುಂಡಿಯು ಎಷ್ಟನ್ನು ಹೇಳಬಲ್ಲುದೆಂಬುದಕ್ಕೆ ನಿದರ್ಶನಗಳುಂಟು. ನ್ಯೂಯಾರ್ಕಿನಲ್ಲಿ ಕಾಲ್ವರ್ ಮತ್ತು ಬೋಲ್ಟನ್ ಎಂಬಿಬ್ಬರು, ಲೋಹಶೋಧಕವಿಲ್ಲದ ಕಾಲದಲ್ಲಿ, ಹಾರೆ ಗುದ್ದಲಿಗಳಿಂದಲೇ ಮ್ಯಾನ್‌ಹಟನ್ನಿನ ಉತ್ತರಭಾಗದ ಹಳೆಯ ಪಾಳೆಯಗಳನ್ನು ಶೋಧಿಸಿ, ಸ್ವಾತಂತ್ರ್ಯಯುದ್ಧದಲ್ಲಿ ಅಲ್ಲಿ ತಂಗಿದ್ದ ಬ್ರಿಟಿಷ್ ರೆಜಿಮೆಂಟುಗಳನ್ನು ಗುಂಡಿಗಳಿಂದ ಗುರುತಿಸಿದರು. ಅವರ ಲೇಖನಗಳು 1950ರಲ್ಲಿ ಗ್ರಂಥರೂಪವಾಗಿ ಪ್ರಕಟವಾದುವು. ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ 2001ರಲ್ಲಿ ಕಟ್ಟಡದ ಕೆಲಸದ ವೇಳೆ ಹೊರಬಿದ್ದ ಮಹಾಸಮಾಧಿಯು 1812ರಲ್ಲಿ ರಷ್ಯದಿಂದ ಹಿಮ್ಮೆಟ್ಟಿದ ನೆಪೋಲಿಯನ್ನನ ಸೈನಿಕರದೆಂದು ನಿರ್ಧರಿಸುವುದಕ್ಕೆ, ಎಲುಬುಗಳ ನಡುವೆ ದೊರೆತ ಅಂಕದ ಗುಂಡಿಗಳು ಮುಖ್ಯ ಸಾಧನಗಳಲ್ಲೊಂದಾದುವು. ಈ ಎರಡು ಕಡೆಗಳಲ್ಲಿಯೂ ಒಂಟಿಗುಂಡಿಯಿಂದ ನಿರ್ಣಯವಾಗಲಿಲ್ಲ. ಗುಂಪಿನಿಂದ, ನೆರೆಯ ವಸ್ತುಗಳಿಂದ, ಪದರದಿಂದ ಆಯಿತು.

ಒಂಟಿಗುಂಡಿಯಾದರೋ ಸ್ಥಳವು ಗೊತ್ತಿದ್ದರೂ ಮೋಸಮಾಡಬಹುದು. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಹಾಪ್ಸ್ ತೋಟಗಳಿಗೆ ಹಳೆಯ ಉಣ್ಣೆಬಟ್ಟೆಯ ಚಿಂದಿಯನ್ನು ಗೊಬ್ಬರವಾಗಿ ಹಾಕುವ ರೂಢಿಯಿತ್ತು. ಸವೆದ ಸೇನಾವಸ್ತ್ರಗಳೂ ಚಿಂದಿಯ ವ್ಯಾಪಾರಿಗಳ ಕೈಯಿಂದ ಅಲ್ಲಿಗೆ ಹೋಗಬಹುದಾಗಿದ್ದುದರಿಂದ, ಆ ತೋಟದಲ್ಲಿ ಸಿಕ್ಕ ಗುಂಡಿಯ ರೆಜಿಮೆಂಟು ಅಲ್ಲಿ ಎಂದೂ ತಂಗದೆ ಇದ್ದಿರಬಹುದು. ಹಳೆಯ ಯುದ್ಧಗಳನ್ನು ಅಭಿನಯಿಸುವ ಉತ್ಸವಗಳಲ್ಲಿ ಇಂದಿನವರು ತೊಟ್ಟ ಅನುಕೃತಿಗಳೂ ಅದೇ ಬಯಲುಗಳಲ್ಲಿ ಉದುರುತ್ತವೆ. ಕೆಲವು ವರ್ಷ ಮಣ್ಣಿನಲ್ಲಿದ್ದರೆ ಅವೂ ಹಳೆಯವುಗಳಂತೆ ಕಾಣುತ್ತವೆ.

ಶ್ರೀರಂಗಪಟ್ಟಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಆವಶ್ಯಕ. 1799ರ ಲಗ್ಗೆಯು ಒಂದು ದಿನದ ಕಾರ್ಯ. ಆದರೆ ಅನಂತರ ಸುಮಾರು ಹತ್ತು ವರ್ಷ, ಎಂದರೆ ಜ್ವರಪೀಡೆಯಿಂದ ಬೇಸತ್ತು ದಂಡನ್ನು 1809ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಸಾಗಿಸುವವರೆಗೂ, ಅಲ್ಲಿ ಕಾವಲುದಂಡು ನೆಲಸಿತ್ತು. ಒಂದು ದಿನದ ಕಾಳಗದಲ್ಲಿ ಬಿದ್ದುದಕ್ಕಿಂತ ಹತ್ತು ವರ್ಷಗಳ ನಿತ್ಯವಾಸದಲ್ಲಿ ಉದುರಿದುದು ಹೆಚ್ಚಾಗಿರುವುದು ಸಹಜ. ಲಗ್ಗೆಯಲ್ಲಿದ್ದ ಸ್ಕಾಚ್ ಬ್ರಿಗೇಡ್ ಎಂಬ ದಂಡಿಗೆ 94ನೆಯ ಅಂಕವು ದೊರೆತುದು 1802ರಲ್ಲಿ. ಹೀಗಿರುವಲ್ಲಿ 94ರ ಗುಂಡಿಯೊಂದು ಕೋಟೆಯ ಬಳಿ ಸಿಕ್ಕಿದರೆ, ಆ ದಂಡು ಲಗ್ಗೆಯಲ್ಲಿದ್ದಿತೆಂಬುದು ದಿಟವಾದರೂ, ಆ ಗುಂಡಿಯು ಲಗ್ಗೆಯ ದಿನದ್ದಾಗಲಾರದು. ‘ಟಿಪ್ಪುವಿನ ಯುದ್ಧದ ಗುಂಡಿ’ ಎಂಬ ಚೀಟಿಯನ್ನು ಅಂಟಿಸಿ ಅದನ್ನು ಮಾರುವವನು, ತಿಳಿದೋ ತಿಳಿಯದೆಯೋ, ವಸ್ತುವಿನೊಡನೆ ಒಂದು ಅಸತ್ಯವನ್ನೂ ಮಾರುತ್ತಾನೆ.

6

ಇಲ್ಲಿಯವರೆಗೆ ಹೇಳಿದುದೆಲ್ಲ ಗುಂಡಿಯನ್ನು ಸರಿಯಾಗಿ ಓದುವ ಕ್ರಮ. ಸರಿಯಾಗಿ ಓದಿದ ಮೇಲೂ ಅದರ ಸಾಕ್ಷ್ಯಕ್ಕೆ ಒಂದು ಎಲ್ಲೆಯುಂಟೆಂಬುದನ್ನು ವಿದ್ವಾಂಸರು ಗಮನಿಸಬೇಕು. ಲೋಹಶೋಧಕಕ್ಕೆ ಕೇಳಿಸುವುದು ಲೋಹದ ಮಾತು ಮಾತ್ರ. ಕೆಂಪಂಗಿಯ ಎದೆಯ ಮೇಲೆ ಸಾಲಾಗಿ ಲೋಹದ ಗುಂಡಿಗಳಿದ್ದುವು. ಕಂಪೆನಿಯ ದೇಶೀಯ ಸಿಪಾಯಿಗಳಿಗೂ ಅಂತಹ ಅಂಗಿಯನ್ನೇ ತೊಡಿಸಿದ್ದರು. ನಮ್ಮ ದೇಶದ ಸಾಂಪ್ರದಾಯಿಕ ಉಡುಪಿನಲ್ಲಿ ಗುಂಡಿಯ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿದ್ದುದು ಕಸೆ. ಅಂಗರಖೆಯನ್ನೂ ನಿಲುವಂಗಿಯನ್ನೂ ಬಟ್ಟೆಯ ಕಸೆಗಳಿಂದ ಕಟ್ಟುತ್ತಿದ್ದರು. ‘ಕಸೆಯಂಗಿ’ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಕಸೆಯು ಮಣ್ಣಿನಲ್ಲಿ ಕೆಲವು ಮಳೆಗಾಲಗಳನ್ನೂ ತಾಳುವುದಿಲ್ಲ. ಒಂದೇ ಬಯಲಿನಲ್ಲಿ, ಒಂದೇ ದಿನ, ಇಬ್ಬರು ಬಿದ್ದರೆನ್ನೋಣ: ಗುಂಡಿಯ ಅಂಗಿಯವನ ರೆಜಿಮೆಂಟು ಇನ್ನೂರು ವರ್ಷಗಳ ಮೇಲೆಯೂ ಅಂಕದಿಂದ ತಿಳಿದೀತು, ಕಸೆಯಂಗಿಯವನು ಅಲ್ಲಿ ಇದ್ದನೆಂಬುದಕ್ಕೂ ಉಡುಪಿನ ಕುರುಹು ಉಳಿಯದು. ಗುಂಡಿಗಳನ್ನೇ ಎಣಿಸಿ ಯುದ್ಧಭೂಮಿಯ ನಕ್ಷೆಯನ್ನು ಬರೆದರೆ ಅದರಲ್ಲಿ ಒಂದು ಪಕ್ಷದವರೇ ಕಿಕ್ಕಿರಿದು, ಮತ್ತೊಂದು ಪಕ್ಷವು ಶೂನ್ಯವಾಗಿ ತೋರುವುದು. ಆ ಶೂನ್ಯವನ್ನು ಗೈರುಹಾಜರಿಯೆಂದು ತಿಳಿಯುವುದು ದೊಡ್ಡ ತಪ್ಪು. ಅದನ್ನು ತುಂಬುವುದಕ್ಕೆ ಕಾಗದಪತ್ರಗಳು, ಗೋಡೆಯ ಚಿತ್ರಗಳು, ಲಾವಣಿಗಳು, ಸಮಾಧಿಗಳು, ಸೀಸದ ಗುಂಡುಗಳ ಹರವು ಇವುಗಳನ್ನೆಲ್ಲ ಕೂಡಿಸಿ ನೋಡಬೇಕು.

ಹಿಂದೂದೇಶದಲ್ಲಿ ಈ ವಿಷಯಕ್ಕೆ ಕಾನೂನಿನ ಬಲವೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಶ್ರೀರಂಗಪಟ್ಟಣದ ಪ್ರಸಿದ್ಧ ಸ್ಮಾರಕಗಳು ಈ ರಕ್ಷಣೆಗೆ ಒಳಪಟ್ಟಿವೆ. 1972ರ ಪುರಾತನವಸ್ತುಗಳ ಕಾಯಿದೆಯಂತೆ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಚಾರಿತ್ರಿಕ ವಸ್ತುವು ಪುರಾತನವಸ್ತುವೆನಿಸುತ್ತದೆ. ಅಂಗಿಯ ಗುಂಡಿಯು ಸಣ್ಣದೆಂಬ ಕಾರಣದಿಂದ ಹೊರಗುಳಿಯುವುದಿಲ್ಲ. ಆದರೆ ಉಳುವಾಗ, ಬಾವಿ ತೋಡುವಾಗ, ಮನೆಯ ಪಾಯವನ್ನು ಅಗೆಯುವಾಗ ಇಂತಹ ವಸ್ತುಗಳು ತಾವಾಗಿಯೇ ಮೇಲೆ ಬರುತ್ತವೆ. ಅವು ಅನೇಕ ವೇಳೆ ಮೊದಲು ತಲಪುವುದು ಊರಿನ ಉಪಾಧ್ಯಾಯರ ಕೈಗೆ. ಅವರು ಮಾಡಬೇಕಾದುದು ಹೆಚ್ಚಿನದೇನೂ ಅಲ್ಲ: ವಸ್ತುವನ್ನು ಉಜ್ಜದೆ ಇಡುವುದು, ದೊರೆತ ಹೊಲದ ಹೆಸರು, ಆಳ, ಜೊತೆಯಲ್ಲಿ ದೊರೆತ ವಸ್ತುಗಳು, ದಿನ ಇವಿಷ್ಟನ್ನೂ ಅಂದೇ ಬರೆದಿಡುವುದು, ಮುಖದೊಡನೆ ಬೆನ್ನಿನ ಚಿತ್ರವನ್ನೂ ತೆಗೆಯುವುದು, ಅನಂತರ ಪುರಾತತ್ತ್ವ ಇಲಾಖೆಗೆ ತಿಳಿಸುವುದು. ವಂಶಾವಳಿಯನ್ನು ಹುಡುಕುವುದಕ್ಕೂ ಅಂಕವನ್ನು ಅರ್ಥೈಸುವುದಕ್ಕೂ ಮುಂದೆ ಯಾರಾದರೂ ದೊರೆತಾರು. ಹೊಲದ ಹೆಸರನ್ನು ಅಂದು ಬರೆಯದೆ ಹೋದರೆ ಮುಂದೆ ಅದನ್ನು ಊಹಿಸಲು ಯಾರಿಗೂ ಸಾಧ್ಯವಾಗದು.

ಒಂದು ಅಂಕದ ವಿಷಯದಲ್ಲಿ ಇಷ್ಟು ವಿಚಾರಮಾಡಬೇಕಾದುದು ಅತಿಯೆಂದು ಯಾರಾದರೂ ಭಾವಿಸಿದರೆ, 1780ರ ಸೆರೆಯಾಳುಗಳನ್ನೂ 1799ರ ವಿಜೇತರನ್ನೂ ಒಂದೇ ದಂಡೆಂದು ತಿಳಿದು ಕಟ್ಟಬಹುದಾದ ಆ ಸೇಡಿನ ಕಥೆಯನ್ನು ನೆನೆಯಬೇಕು. ಅದು ಕೇಳುವುದಕ್ಕೆ ಇಂಪಾಗಿದೆ. ಅದಕ್ಕೆ ನಾಯಕನೂ ಇದ್ದಾನೆ, ಅಂಕವೂ ಹೊಂದುತ್ತದೆ. ಅಂತಹ ಕಥೆಯನ್ನು ತಡೆದು ನಿಲ್ಲಿಸಿದುದು 1786ರ ಅಂಕಪರಿವರ್ತನೆಯೆಂಬ ಒಂದು ಶುಷ್ಕ ಸಂಗತಿ. ಸೈನ್ಯಪಟ್ಟಿಯ ಇಂತಹ ಶುಷ್ಕ ಸಂಗತಿಗಳ ಪಕ್ಕದಲ್ಲಿಟ್ಟು ಓದಿದಾಗಲೇ, ಮಣ್ಣಿನಿಂದೆದ್ದ ಗುಂಡಿಯು ಕರ್ಣಾಟಕದ ಇತಿಹಾಸಕ್ಕೆ ಉಪಯೋಗಕ್ಕೆ ಬರುವುದು.